ಎರಡು ಮುಖದ ಸ್ಪೀಕರು

ಗುರುಸಿದ್ಧನ ಗ್ರಹಚಾರವೆಲ್ಲ ಶುರುವಾದದ್ದು ಒಂದು ಬಿಳಿ ಚಾದರದಿಂದ. ಹೂವು, ಬಳ್ಳಿ, ನವಿಲುಗಳ ಬಣ್ಣದ ಚಾದರವನ್ನು ದೇಶಕ್ಕೆಲ್ಲ ಹೊದಿಸುವ ಊರು ಸೊಲ್ಲಾಪುರ. ಅವನದೇ ಅಂಗಡಿಯಲ್ಲಿ ಟಾವೆಲ್ಲು, ಚಾದರಗಳು ಮಾಳಿಗೆ ಮುಟ್ಟುವಂತೆ ಒಟ್ಟಿದ್ದವು. ಆದರೂ ಆ ದಿನ ಬೆಳಿಗ್ಗೆ ಅವನ ಕೈಗೆ ಬಂದದ್ದು ಬಿಳಿಯದು.

"ಹೊಸಾ ಚಾದರ ಮುಟ್ಟಬ್ಯಾಡ್ರಿ," ಎಂದಿದ್ದಳು ಹೆಂಡತಿ ದೀಪಾಲಿ. "ಆ ಸ್ಪೀಕರಿಗೆ ಅಷ್ಟು ಥಾಟ ಯಾಕ? ತಗೋರಿ, ಈ ಹಳೇ ಬಿಳೇದು ಸುತ್ತರಿ."

ಅವನು ಸುತ್ತಿದ. ತಲೆಯಿಂದ ಕಾಲಿನವರೆಗೆ, ಒಂದು ಕಣ ಧೂಳೂ ಹೋಗದಂತೆ, ಬಿಗಿಯಾಗಿ.

ಸ್ಪೀಕರೆಂದರೆ ಡಬ್ಬಿ, ಡಬ್ಬಿಯೊಳಗೆ ಕಾಗದದ ಬಟ್ಟಲು ಎಂದು ತಿಳಿದವರು ಇದನ್ನು ನೋಡಿದರೆ ಬಾಗಿಲು ಎನ್ನುತ್ತಾರೆ. ಆಳೆತ್ತರ, ಅಂಗೈಯಷ್ಟು ದಪ್ಪ. ತೂತುತೂತಿನ ಎರಡು ಲೋಹದ ಹಾಳೆ, ಅವುಗಳ ನಡುವೆ ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಗುರುಸಿದ್ಧ ಅದನ್ನು ಚರ್ಮ ಎನ್ನುತ್ತಿದ್ದ. ಸಾವಿರಾರು ವೋಲ್ಟು ಏರಿಸಿದರೆ ಆ ಚರ್ಮ ನಡುಗಿ ಹಾಡುತ್ತದೆ, ಮುಂದಕ್ಕೂ ಹಾಡುತ್ತದೆ, ಹಿಂದಕ್ಕೂ ಹಾಡುತ್ತದೆ. ಅದರಲ್ಲಿ ಮನುಷ್ಯನ ದನಿ ಕೇಳಿದರೆ ಯಂತ್ರದ ನೆನಪೇ ಬರುವುದಿಲ್ಲ, ಎದುರಿಗೆ ಯಾರೋ ಕೂತಂತೆ ಅನಿಸುತ್ತದೆ.

ಅಂಥ ಒಂದು ಜೋಡಿಯನ್ನು ಕೊಂಡವನು ಅವನ ಕಾಕಾ ಸಾತಲಿಂಗಪ್ಪ. ಸೊಲ್ಲಾಪುರದ ಗಿರಣಿ ಮುಚ್ಚಿದಾಗ ಊರು ಬಿಟ್ಟು ಹೊರಟಿದ್ದ ಇಂಜಿನಿಯರನೊಬ್ಬನಿಂದ ಕೊಂಡು ಅಕ್ಕಲಕೋಟೆಗೆ ಒಯ್ದಿದ್ದ. "ಬಾಗಲಾ ತಂದಿ, ಮನಿ ಯಾವಾಗ ಕಟ್ಟಸ್ತಿ?" ಎಂದು ಓಣಿಯವರು ಕೇಳಿದ್ದರು. ಚಿಕ್ಕಂದಿನಲ್ಲೇ ತಂದೆ ಕಳೆದುಕೊಂಡ ಗುರುಸಿದ್ಧ ಬೆಳೆದದ್ದು ಆ ಮನೆಯಲ್ಲಿ, ಕಾಕಾ ಮತ್ತು ಗಂಗುಬಾಯಿ ಕಾಕಿಯ ಕೈಯಲ್ಲಿ. ಕಾಕಿ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಆಮೇಲೆ ಸ್ಪೀಕರುಗಳೂ ಒಂದೊಂದಾಗಿ ಕೆಟ್ಟವು. ಒಂದು ಮೂಕವಾಯಿತು. ಇನ್ನೊಂದು ಹಪ್ಪಳ ಕರಿದಂತೆ ಚಟಚಟ ಅನ್ನತೊಡಗಿತು.

ಗುರುಸಿದ್ಧ ಎರಡನ್ನೂ ಸೊಲ್ಲಾಪುರದ ತನ್ನ ಮನೆಯ ಅಟ್ಟದ ಖೋಲಿಗೆ ತಂದು ಬಿಚ್ಚಿ ಹರವಿಕೊಂಡ. ಹೊಸ ಚರ್ಮ ತರಿಸಿದ, ಅದಕ್ಕೆ ಲೇಪ ಹಚ್ಚಿದ, ವೋಲ್ಟು ಏರಿಸುವ ಹಳೆಯ ಭಾಗಗಳನ್ನು ಕಿತ್ತು ಅವುಗಳಿಗಿಂತ ಗಟ್ಟಿಯಾದ ಹೊಸವನ್ನು ಕೂಡಿಸಿದ. ಎಷ್ಟು ಸಲ ಶಾಕು ಹೊಡೆಯಿತೋ, ಎಷ್ಟು ಸಲ ಚರ್ಮ ಹರಿಯಿತೋ. ಈ ನಡುವೆ ಕಾಕಾನ ಕಾಲು ಬಾತವು, ಹೊಟ್ಟೆಯಲ್ಲಿ ನೀರು ತುಂಬಿತು. ಸೊಲ್ಲಾಪುರದ ದವಾಖಾನೆಗೆ ಹಾಕಿದರು. ಕೊನೆಗೆ ಡಾಕ್ಟರು, "ಮನೆಗೆ ಕರೆದುಕೊಂಡು ಹೋಗಿ, ಬೇಡಿದ್ದನ್ನು ಕೊಡಿ," ಎಂದರು.

ಕಾಕಾ ಬೇಡಿದ್ದು ಒಂದೇ. "ಗುರು, ನಿನ್ನ ಕಾಕಿ ಮಾತಾಡಿದ್ದೊಂದು ಕ್ಯಾಸೆಟ್ ಅದ. ಆ ಸ್ಪೀಕರಿನಾಗ ಆಕಿ ಧ್ವನಿ ಒಮ್ಮಿ ಕೇಳಿಸಿಬಿಡು. ಮುಂದ ನಾ ಆರಾಮ ಹೋಗ್ತೀನಿ. ನನಗೇನು ಸಾವಿನ ಅಂಜಿಕಿ ಇಲ್ಲ."

ಜೋಡಿಯಲ್ಲಿ ಒಂದು ಮಾತ್ರ ಸಿದ್ಧವಾಗಿತ್ತು. ಕಾಕಿಯ ದನಿಗೆ ಒಂದು ಸಾಕು. ದೀಪಾಲಿ ದವಾಖಾನೆಯ ಕಾಗದಪತ್ರ ಮುಗಿಸಿ ಮಧ್ಯಾಹ್ನ ಕಾಕಾನನ್ನು ಕಾರಿನಲ್ಲಿ ಕರೆತರುವುದು, ಅಷ್ಟರೊಳಗೆ ಗುರುಸಿದ್ಧ ಮುಂದೆ ಹೋಗಿ ಸ್ಪೀಕರು ಕೂಡಿಸಿ ಇಡುವುದು ಎಂದು ಗೊತ್ತಾಯಿತು.

ಅಂಗಡಿಯ ಗಂಟು ಸಾಗಿಸುವ ಟೆಂಪೋ ಡ್ರೈವರ್ ಅಮೋಲ ಬಂದ. ದಾರಿಯ ತಗ್ಗುದಿನ್ನೆಗೆ ಚರ್ಮ ಸಡಿಲಾಗಬಾರದೆಂದು ಇಬ್ಬರೂ ಸೇರಿ ಬಿಳಿ ಗಂಟನ್ನು ಬಿದಿರಿನ ಏಣಿಗೆ ಕಟ್ಟಿ ಟೆಂಪೋದಲ್ಲಿ ಮಲಗಿಸಿದರು. ಗುರುಸಿದ್ಧ ಹಿಂದೆಯೇ ಹತ್ತಿ, ಅದರ ಮೇಲೆ ಒಂದು ಕೈ ಇಟ್ಟುಕೊಂಡು ಕೂತ. "ಸಾವಕಾಶ ಹೊಡಿ ಅಮೋಲ. ಇದಕ್ಕ ಏನ ಆದ್ರೂ ನಾ ಉಳ್ಯಾಂಗಿಲ್ಲ," ಎಂದ.

ಅಮೋಲ ನಸುಕಿನಲ್ಲೇ ಹೆಡ್‌ಲೈಟು ಹಚ್ಚಿ ಎತ್ತಿನ ಗಾಡಿಯ ವೇಗದಲ್ಲಿ ಹೊರಟ. ವಳಸಂಗ ದಾಟುವಾಗ ಬಸ್ಸಿನ ಹಾದಿ ನೋಡುತ್ತಿದ್ದ ಮಂದಿ ಎದ್ದು ನಿಂತು ಕೈ ಮುಗಿದರು. ಒಬ್ಬ ಮುದುಕ ತಲೆಯ ಮೇಲಿನ ಟೋಪಿ ತೆಗೆದ. ಈ ಕಡೆಯ ಜನ ಎಷ್ಟು ಸಭ್ಯರು ಎಂದು ಗುರುಸಿದ್ಧನ ಕಣ್ಣು ತೇವವಾಯಿತು. ಅವನೂ ಎಲ್ಲರಿಗೂ ಕೈ ಮುಗಿದ.

ಅಕ್ಕಲಕೋಟೆಯ ಓಣಿಯಲ್ಲಿ ಟೆಂಪೋ ನಿಂತಾಗ ಎದುರು ಮನೆಯ ನಾಗಪ್ಪ ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ. ಓಣಿಯ ಮದುವೆ, ಜಗಳ, ಮಣ್ಣು ಯಾವುದೂ ಅವನಿಲ್ಲದೆ ನಡೆಯುತ್ತಿರಲಿಲ್ಲ. ಸಾತಲಿಂಗಪ್ಪ ಇನ್ನು ಹೆಚ್ಚು ದಿನದವನಲ್ಲ ಎಂಬುದನ್ನು ಊರಿಗೆಲ್ಲ ಸಾರಿದವನೂ ಅವನೇ. ಅವನ ಕಣ್ಣೆದುರಿಗೆ ಏಣಿ ಇಳಿಯಿತು. ಬಿಳಿ ಬಟ್ಟೆ. ನಿದ್ದೆಗೆಟ್ಟು ಕೆಂಪಾದ ಗುರುಸಿದ್ಧನ ಕಣ್ಣು. ನಾಗಪ್ಪ ಬಾಯಿ ಮುಕ್ಕಳಿಸುವುದನ್ನೂ ಮರೆತ.

"ಯಾವಾಗ ಆತಪಾ?" ಎಂದು ಮೆಲ್ಲಗೆ ಕೇಳಿದ.

"ನಿನ್ನೆ ರಾತ್ರಿ ಮುಗೀತ್ರಿ ಮಾಮಾ," ಎಂದ ಗುರುಸಿದ್ಧ, ಕೊನೆಯ ಸ್ಕ್ರೂ ತಿರುಗಿಸಿದ್ದನ್ನು ನೆನೆದು. "ಭಾಳ ತ್ರಾಸ ಕೊಡ್ತು. ಕಡೀಕ ಏನೂ ತ್ರಾಸ ಇಲ್ಲದ ಆತು."

"ಹೋಗ್ಲಿ ಬಿಡು, ತ್ರಾಸದಿಂದ ಸುಟಕಾ ಆತು," ಎಂದು ನಾಗಪ್ಪ ಏಣಿಯ ಒಂದು ತುದಿಗೆ ಹೆಗಲು ಕೊಟ್ಟ. ಒಳಗಿಟ್ಟ ಮೇಲೆ ಗುರುಸಿದ್ಧ ಎಲ್ಲರನ್ನೂ ಹೊರಗೆ ಕಳಿಸಿದ. ಅಮೋಲ ಅಂಗಡಿಯ ಗಂಟು ಮುಟ್ಟಿಸಲು ಟೆಂಪೋ ಹೊಡೆದುಕೊಂಡು ಪೇಟೆಗೆ ಹೋದ. ಖೋಲಿಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಚಿಲಕ ಹಾಕಿ, ಫೋನು ಬಂದ್ ಮಾಡಿದ. ಹಿಂದೆ ಒಮ್ಮೆ ಕೆಲಸದ ನಡುವೆ ಫೋನು ಬಡಿದುಕೊಂಡು ಅವನ ಕೈ ಜಾರಿ ಚರ್ಮ ಹರಿದಿತ್ತು.

ನಾಗಪ್ಪ ದೀಪಾಲಿಗೆ ಫೋನು ಮಾಡಿದ. ಅವಳು ಆ ಹೊತ್ತಿನಲ್ಲಿ ದವಾಖಾನೆಯ ಖಿಡಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ಎತ್ತಲಿಲ್ಲ. "ಪಾಪ, ಅಳಾಕತ್ತಿರಬೇಕು," ಎಂದು ನಾಗಪ್ಪ ನಿರ್ಧರಿಸಿ ಕೆಲಸಕ್ಕೆ ನಿಂತ. ಅವನ ಮೊಬೈಲಿನಿಂದ ಊರಿನ ಮೊಬೈಲುಗಳಿಗೆಲ್ಲ ಸಾತಲಿಂಗಪ್ಪನ ಫೋಟೋ ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ಫೋಟೋದ ಫ್ಲೆಕ್ಸು ಮರಾಠಿಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿ ಎಂದು ಬರೆಸಿಕೊಂಡು ಬಂದು ಬಾಗಿಲ ಮೇಲೆ ಏರಿತು. ಪಕ್ಕದ ಮನೆಯ ಅಕ್ಕನಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಂದವಳು ಅಂಗಳದಲ್ಲಿ ಕೂತು ರಾಗ ತೆಗೆದಳು. ಅವಳ ರಾಗಕ್ಕೆ ಓಣಿಯ ಹೆಂಗಸರೆಲ್ಲ ಬಂದು ಕೂಡಿದರು.

ಆ ಓಣಿಯಲ್ಲಿ ಒಂದು ಮರ್ಯಾದೆಯಿತ್ತು. ಸತ್ತವರ ಮನೆಯವರೆದುರು 'ಸಾವು' ಎಂಬ ಮಾತು ಯಾರೂ ಆಡುತ್ತಿರಲಿಲ್ಲ. ಆ ಮರ್ಯಾದೆಯೇ ಎಲ್ಲರನ್ನೂ ಮುಳುಗಿಸಿತು. ನಾಗಪ್ಪ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದ.

"ಗುರುಸಿದ್ಧಾ, ಬಾಗಲಾ ತಗಿಯಪಾ. ಮಂದಿ ನೋಡಾಕ ಬಂದಾರ."

ಓಣಿಯವರಿಗೆ ಸ್ಪೀಕರಿನ ಮೇಲೆ ಇಷ್ಟು ಪ್ರೀತಿಯೇ ಎಂದು ಗುರುಸಿದ್ಧನಿಗೆ ಸೋಜಿಗವಾಯಿತು. "ಈಗ ಬ್ಯಾಡ್ರಿ ಮಾಮಾ! ಬಟ್ಟಿ ಬಿಚ್ಚೀನಿ!"

"ಜಳಕ ಮಾಡಸೂದಪಾ?"

"ಹನಿ ನೀರ ತಾಗಬಾರದ್ರಿ! ಒಣಾ ಅರಿವೀಲೆ ಒರಸೀನಿ. ಚರ್ಮ ಸಡ್ಲ ಆಗ್ಯದ, ಬಿಸಿ ಹೊಡದು ಬಿಗಿ ಮಾಡಾಕತ್ತೀನಿ."

ಒಳಗಿನಿಂದ ಕೂದಲು ಒಣಗಿಸುವ ಯಂತ್ರದ ಗೊರಗೊರ ಸದ್ದು ಬಂತು. ನಾಗಪ್ಪ ಬಾಗಿಲಿಗೆ ಇನ್ನಷ್ಟು ಒತ್ತಿ ನಿಂತ. ಲಿಂಗಾಯತರಲ್ಲಿ ಹೆಣವನ್ನು ಕೂಡ್ರಿಸಿ ಮಣ್ಣು ಕೊಡುತ್ತಾರೆ, ಮೈ ಸೆಟೆಯುವ ಮೊದಲೇ ಕಾಲು ಮಡಚಬೇಕು. ಈ ಹುಡುಗನಿಗೆ ಅದನ್ನು ಹೇಳಿಕೊಡುವವರು ಯಾರು?

"ಹಂಗ ಮಲಗಿಸಿ ಇಡಬ್ಯಾಡೋ. ಗ್ವಾಡಿಗೆ ಹಚ್ಚಿ ಕೂಡ್ರಸು!"

"ಇದು ಕೂಡ್ರೂದಲ್ರೀ ಮಾಮಾ, ನಿಲ್ಲೂದು! ನಿಲ್ಲಿಸಿ ಕರೆಂಟ್ ಕೊಡ್ತೀನಿ, ಆಮ್ಯಾಲ ಬಾಯಿ ಬಿಡ್ತದ ನೋಡ್ರಿ!"

ನಾಗಪ್ಪ ಕಟ್ಟೆ ಇಳಿದು ಬಂದಾಗ ಅವನ ಮುಖ ಸುಣ್ಣದಂತಾಗಿತ್ತು. "ಕಾಕಾನ ಮ್ಯಾಲ ಭಾಳ ಜೀವ ಇತ್ತು ಹುಡುಗಂದು. ತಲಿ ಕೆಟ್ಟದ," ಎಂದ. "ಲಗೂ ಎತ್ತಿಬಿಡಬೇಕು. ತಡಾ ಮಾಡಿದ್ರ ಅದಕ್ಕೇನ ಮಾಡ್ತಾನೋ."

ಆಮೇಲೆ ಎಲ್ಲ ಲಗುಬಗೆಯಿಂದ ನಡೆಯಿತು. ಮಠದ ಸ್ವಾಮಿಗಳು ಬಂದರು. ಅಂಗಳದ ನಡುವೆ ಒಂದು ಕುರ್ಚಿಯಿಟ್ಟು ಬಿದಿರು ಕಟ್ಟಿ ಚೆಂಡು ಹೂವಿನಿಂದ ಸಿಂಗರಿಸಿದರು. ಕುಣಿ ತೋಡಲು ಆಳು ಸಿಗಲಿಲ್ಲವೆಂದು ನಾಗಪ್ಪ ರುದ್ರಭೂಮಿಗೆ ಜೆಸಿಬಿ ಕಳಿಸಿದ. ಬಾವಿಯಂಥ ಕುಣಿ ತಂಬಾಕು ತಿಕ್ಕುವಷ್ಟರಲ್ಲಿ ತಯಾರಾಯಿತಂತೆ. ಭಜನೆಯವರು ತಾಳ ಹಿಡಿದರು.

ಒಳಗೆ ಗುರುಸಿದ್ಧನಿಗೆ ಭಜನೆ ಕೇಳಿಸಿತು. ಪಕ್ಕದ ಮನೆಯಲ್ಲಿ ಏನೋ ಕಾರ್ಯಕ್ರಮ ಇರಬೇಕೆಂದುಕೊಂಡು ಬೆವರು ಒರೆಸಿಕೊಂಡ. ಚರ್ಮ ಈಗ ತಮಟೆಯಂತೆ ಬಿಗಿದಿತ್ತು. ಸ್ಪೀಕರನ್ನು ಗೋಡೆಯಿಂದ ದೂರ ನಿಲ್ಲಿಸಿದ. ಕಾಕಾನ ಹಳೆಯ ಟೇಪಿಗೆ ತಂತಿ ಜೋಡಿಸಿ, ಕಾಕಿಯ ಕ್ಯಾಸೆಟ್ಟು ಹಾಕಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಮೊದಲು ಒಂದು ಚಟ್. ಆಮೇಲೆ ಬಳೆಯ ಸದ್ದು. ಬಳಿಕ ಗಂಗುಬಾಯಿ ಮಾತಾಡಿದಳು.

"ಏನ್ರೀ... ಕೇಳಸ್ತದಿಲ್ರೀ? ಎಷ್ಟೊತ್ತು ಕಾಯಬೇಕು ನಾ? ಇಲ್ಲಿ ಎಲ್ಲಾ ತಯಾರ ಆಗ್ಯದ. ಏಳ್ರಿ, ಬರ್ರಿ ಇನ್ನ..."

ಎಂದೋ ಒಂದು ದಿನ ಊಟಕ್ಕೆ ಕರೆದದ್ದು. ಕಾಕಾ ಹೊಸ ಟೇಪು ಪರೀಕ್ಷೆ ಮಾಡುವಾಗ ಸಿಕ್ಕಿಕೊಂಡದ್ದು. ಆದರೆ ಕಾಕಿ ಅಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವಳ ಉಸಿರು ಕೂಡ ಕೇಳುತ್ತಿತ್ತು. ಗುರುಸಿದ್ಧ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತ.

ಹೊರಗೆ ತಾಳ ನಿಂತವು. ಅಕ್ಕನಾಗಮ್ಮನ ರಾಗ ನಡುವೆಯೇ ತುಂಡಾಯಿತು. "ಗಂಗಕ್ಕಾ!" ಎಂದವಳೇ ಹಿಂದಕ್ಕೆ ಬಿದ್ದಳು. "ಗಂಡನ್ನ ಕರಿಯಾಕ ಬಂದಾಳ್ರೆವ್ವಾ! ಎಲ್ಲಾ ತಯಾರ ಆಗ್ಯದಂತ!" ಭಜನೆಯವರಲ್ಲಿ ಅರ್ಧ ಮಂದಿ ಓಣಿ ದಾಟಿದ್ದರು. ಸ್ವಾಮಿಗಳು ಓಡಲಿಲ್ಲ, ಆದರೆ ಅವರ ಕಾಲು ಎದ್ದು ನಿಂತಿದ್ದವು. ಅಷ್ಟರಲ್ಲಿ ಓಣಿಯ ಲೈಟು ಹೋಗಿ ದನಿ 'ಇನ್ನ' ಎಂಬಲ್ಲಿಗೆ ನಿಂತಿತು.

ಬಾಗಿಲು ತೆರೆಯಿತು. ಗುರುಸಿದ್ಧ ಬೆವರು, ಕಣ್ಣೀರು ಸುರಿಸುತ್ತ ಹೊರಗೆ ಬಂದ. "ಬಂತು! ಬಂತ್ರೀ ಮಾಮಾ! ಕಾಕಿ ಬಂದಂಗ ಆತು!" ಎಂದವನ ಮಾತು ಅಲ್ಲಿಗೇ ನಿಂತಿತು. ಅಂಗಳದ ತುಂಬ ಜನ. ಹೂವಿನ ಕುರ್ಚಿ. ತಲೆಯೆತ್ತಿದರೆ ಕಾಕಾನ ಫೋಟೋ, ಅದರ ಸುತ್ತ ಕಪ್ಪು ಅಂಚು.

ಕಾಕಾ ದವಾಖಾನೆಯಲ್ಲೇ ಹೋಗಿಬಿಟ್ಟಿದ್ದಾನೆ, ತಾನೋ ಫೋನು ಬಂದ್ ಮಾಡಿಕೊಂಡು ಕೂತಿದ್ದೆ ಎಂದು ಅವನಿಗೆ ಹೊಳೆಯಿತು. ಕೊನೆಗೂ ಕೇಳಿಸಲಿಕ್ಕಾಗಲಿಲ್ಲ. "ಕಾಕಾ!" ಎಂದು ತಲೆ ಚಚ್ಚಿಕೊಂಡ. "ಎಲ್ಲಾರಿಗೂ ಗೊತ್ತದ! ನನಗೊಬ್ಬಂಗ ಯಾರೂ ಹೇಳಲಿಲ್ಲಲ್ರೀ!"

ನಾಗಪ್ಪ ಅವನ ಭುಜ ಹಿಡಿದ. "ಶುದ್ಧಿ ತಂದ್ಕೋ ತಮ್ಮಾ. ನೀನಽ ತಂದವ. ನಿನಗೇನ ಹೇಳೂದು?"

"ನಾ ಏನ ತಂದೆ?"

"ಕಾಕಾನ್ನ."

"ನಾ ತಂದದ್ದು ಸ್ಪೀಕರ್ ರೀ!"

ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಓಣಿಯ ತಿರುವಿನಲ್ಲಿ ಕಾರಿನ ಹಾರ್ನು ಕೇಳಿತು. ದೀಪಾಲಿ ಮೊದಲು ಇಳಿದಳು. ಹಿಂದಿನ ಬಾಗಿಲಿನಿಂದ ಮೊದಲು ಒಂದು ಬಾತ ಕಾಲು, ಆಮೇಲೆ ಒಂದು ಕೋಲು, ಆಮೇಲೆ ಸಾತಲಿಂಗಪ್ಪ ಇಳಿದ. ದಾರಿಯುದ್ದ ಕೂತು ದಣಿದ ಮುದುಕ ಯಾರನ್ನೂ ನೋಡದೆ ನೆಟ್ಟಗೆ ಅಂಗಳಕ್ಕೆ ಬಂದು, ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತುಬಿಟ್ಟ. ಅದು ಹೂವಿನ ಕುರ್ಚಿ. ಹೆಂಗಸರು ಚಿಟ್ಟನೆ ಚೀರಿದರು.

"ಯಾಕ ಅಳಾಕತ್ತೀರಿ? ಬಂದೀನಲ್ಲ," ಎಂದ ಕಾಕಾ. ಆಮೇಲೆ ಅವನ ಕಣ್ಣು ಫ್ಲೆಕ್ಸಿನ ಮೇಲೆ ಬಿತ್ತು. ಬಹಳ ಹೊತ್ತು ನೋಡಿದ. "ಫೋಟೋ ಛಲೋ ಬಂದದ. ಇದು ಯಾರ ಮದಿವ್ಯಾಗ ತಗದದ್ದು?"

ಗುರುಸಿದ್ಧ ಅವನ ಕಾಲು ಹಿಡಿದು ನಗುತ್ತ ಅಳುತ್ತ ಎಲ್ಲವನ್ನೂ ಹೇಳಿದ. ಕಾಕಾ ಮೊದಲು ನಕ್ಕ, ಹೊಟ್ಟೆಯ ನೀರು ಕುಲುಕುವಂತೆ ನಕ್ಕ. ಅಷ್ಟರಲ್ಲಿ ಎಚ್ಚರಗೊಂಡ ಅಕ್ಕನಾಗಮ್ಮ ಅವನೆದುರು ಬಂದು ನಿಂತಳು.

"ನಗಬ್ಯಾಡಣ್ಣಾ. ನಾವೆಲ್ಲಾ ಕೇಳೀವಿ. ಗಂಗಕ್ಕ ಕರದ್ಲು. ಎಷ್ಟೊತ್ತು ಕಾಯಬೇಕು ನಾ, ಎಲ್ಲಾ ತಯಾರ ಆಗ್ಯದ, ಏಳ್ರಿ ಬರ್ರಿ ಅಂದ್ಲು. ನನ್ನ ಕಿವಿ ಮುಂದ ನಿಂತು ಅಂದ್ಲು."

ಕಾಕಾನ ನಗೆ ನಿಂತಿತು. "ಹಂಗ ಅಂದ್ಲಾ?"

"ಕ್ಯಾಸೆಟ್ ಅದು ಕಾಕಾ," ಎಂದ ಗುರುಸಿದ್ಧ. "ಲೈಟ್ ಬರ್ಲಿ, ನಿನಗೂ ಕೇಳಸ್ತೀನಿ."

ಕಾಕಾ ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಕುರ್ಚಿಯ ಹೂವನ್ನು ಮುಟ್ಟಿ ನೋಡುತ್ತಿದ್ದ. ಆಗ ಜೆಸಿಬಿಯವನು ಬಂದು ನಾಗಪ್ಪನ ಕಿವಿಯಲ್ಲಿ ಹೇಳಿದ, ಆದರೆ ಜೆಸಿಬಿ ನಡೆಸುವವರ ಪಿಸುಮಾತು ಊರಿಗೆಲ್ಲ ಕೇಳುತ್ತದೆ. "ಖಡ್ಡಾ ತಯಾರ ಆಹೆ. ಯಾವಾಗ ತರ್ತೀರಿ?"

ಸ್ವಾಮಿಗಳು ಶಾಸ್ತ್ರ ಹೇಳಿದರು. ತೋಡಿದ ಕುಣಿಯನ್ನು ಹಾಗೇ ಬಿಡಲು ಬರುವುದಿಲ್ಲ. ಯಾರ ಹೆಸರಿನಲ್ಲಿ ತೋಡಿದ್ದೋ ಅವರ ಹಾದಿ ಕಾಯುತ್ತದೆ. ಹೊತ್ತು ಮುಳುಗುವ ಮೊದಲು ಅದರಲ್ಲಿ ಏನಾದರೂ ಇಟ್ಟು ಮಣ್ಣು ಮುಚ್ಚಬೇಕು.

"ಕುಂಬಳಕಾಯಿ ಇಡೂಣು," ಎಂದ ನಾಗಪ್ಪ. "ಹಿಂದ ಒಮ್ಮಿ ಹಂಗ ಮಾಡ್ಯಾರ."

"ಹಾಂ, ಕುಂಬಳಕಾಯಿ," ಎಂದರು ಎಲ್ಲರೂ. ಒಬ್ಬ ತರಲು ಹೊರಟೂ ಬಿಟ್ಟ.

"ನಿಂದ್ರೋ," ಎಂದ ಕಾಕಾ. ಕೋಲೆತ್ತಿ ಮನೆಯ ಒಳಗೆ ತೋರಿಸಿದ. "ಅದನ್ನ ಇಡ್ರಿ."

ಗುರುಸಿದ್ಧನಿಗೆ ಅರ್ಥವಾಗಲಿಲ್ಲ. "ಯಾವುದನ್ನ ಕಾಕಾ?"

"ಸ್ಪೀಕರ್. ಅದನ್ನಽ ಒಯ್ದು ಮುಚ್ಚರಿ."

"ಕಾಕಾ! ವರ್ಷಗಟ್ಲೆ ಕುಂತು ಮಾಡೀನಿ. ನಿನ್ನ ಸಲುವಾಗಿ ಮಾಡೀನಿ. ಕುಂಬಳಕಾಯಿ ನಡೀತದಂತಾರಲ್ಲ!"

"ಕುಂಬಳಕಾಯಿ ಕರಿಯಂಗಿಲ್ಲೋ," ಎಂದ ಕಾಕಾ.

ದೀಪಾಲಿ ಹೇಳಿದಳು, ಪೇಟೆಯಿಂದ ಮರಳಿದ್ದ ಅಮೋಲ ಹೇಳಿದ, ಗುರುಸಿದ್ಧ ಕಾಲಿಗೆ ಬಿದ್ದ. ಮುದುಕ ಅಲುಗಲಿಲ್ಲ. ಸಾಯಲಿರುವವನು ಬೇಡಿದ್ದನ್ನು ಕೊಡಿ ಎಂದು ಡಾಕ್ಟರೇ ಹೇಳಿದ್ದರಲ್ಲ. ಹಾಗಾಗಿ ಅದೇ ಏಣಿ, ಅದೇ ಬಿಳಿ ಚಾದರ ಮತ್ತೆ ಹೊರಗೆ ಬಂದವು. ಸೇರಿದ ಜನಕ್ಕೂ ಬರಿಗೈಯಲ್ಲಿ ಮರಳಲು ಮನಸ್ಸಿರಲಿಲ್ಲ. ತಾಳದವರು ಓಣಿಯ ತುದಿಯಿಂದ ಒಬ್ಬೊಬ್ಬರಾಗಿ ತಿರುಗಿ ಬಂದರು.

ರುದ್ರಭೂಮಿಯಲ್ಲಿ ಸ್ವಾಮಿಗಳಿಗೆ ಒಂದು ಸಂಶಯ ಬಂತು. "ಇದರ ಮುಖ ಯಾವ ಕಡೆ?"

"ಎರಡೂ ಕಡೆ ಅದರೀ," ಎಂದ ಗುರುಸಿದ್ಧ, ದನಿಯಿಲ್ಲದೆ.

ಯಾವ ದಿಕ್ಕಿಗೆ ನಿಲ್ಲಿಸಿದರೂ ದೋಷವಿಲ್ಲ ಎಂದು ಸ್ವಾಮಿಗಳಿಗೆ ಸಮಾಧಾನವಾಯಿತು. ಇದಕ್ಕೂ ಒಂದಿಷ್ಟು ವಿಭೂತಿ ಇರಲಿ ಎಂದು ನಾಗಪ್ಪ ಒದ್ದೆ ಬೆರಳು ಚಾಚಿ ಚಾದರದೊಳಗೆ ಕೈ ಹಾಕಿದ. ಗುರುಸಿದ್ಧ "ಮುಟ್ಟಬ್ಯಾಡ್ರಿ" ಎನ್ನುವುದರೊಳಗೆ ಉಳಿದಿದ್ದ ಕರೆಂಟು ಚಟ್ಟನೆ ಹಾರಿತು. ನಾಗಪ್ಪ ಕುಣಿಯ ದಂಡೆಯಿಂದ ಹಿಂದಕ್ಕೆ ಸಿಡಿದು ಬಿದ್ದ.

"ಇನ್ನಾ ಜೀವ ಅದ ಇದರಾಗ!" ಎಂದು ಒದರಿದ. ಜೀವ ಇದ್ದದ್ದನ್ನು ಹೂಳಬಹುದೇ ಎಂದು ಸ್ವಲ್ಪ ಚರ್ಚೆಯಾಯಿತು. ಹೊತ್ತು ಇಳಿಯುತ್ತಿದ್ದುದರಿಂದ ಚರ್ಚೆ ಬೇಗ ಮುಗಿಯಿತು. ಅದು ಆಳೆತ್ತರದ್ದು, ಕೂಡ್ರಲಿಲ್ಲ. ನಿಲ್ಲಿಸಿಯೇ ಇಳಿಸಿದರು. ಮೊದಲ ಹಿಡಿ ಮಣ್ಣು ಹತ್ತಿರದವರೇ ಹಾಕಬೇಕೆಂದು ಸ್ವಾಮಿಗಳು ಗುರುಸಿದ್ಧನ ಕೈಗೆ ಮಣ್ಣು ಕೊಟ್ಟರು. ಮಣ್ಣು ಚಾದರದ ಮೇಲಿಂದ ತೂತಿನ ಹಾಳೆಗೆ ಬಡಿದಾಗ ಒಳಗಿನ ಚರ್ಮ ಸಣ್ಣಗೆ ಒಮ್ಮೆ ಮಿಡಿಯಿತು. ಎಷ್ಟು ಬಿಗಿಯಾಗಿ ಕೂತಿತ್ತು ಎಂದು ಅವನಿಗೆ ಆಗ ಗೊತ್ತಾಯಿತು.

ಸಂಜೆ ಎಲ್ಲರೂ ಜಳಕ ಮಾಡಿ ಮನೆಗೆ ಹೋದರು. ನಾಗಪ್ಪ ಫ್ಲೆಕ್ಸು ಬಿಚ್ಚಿ, ಮುಂದೆ ಬೇಕಾಗುತ್ತದೆಂದು ನೀಟಾಗಿ ಸುತ್ತಿ ತನ್ನ ಮನೆಯಲ್ಲಿಟ್ಟ. ಕಾಕಾ ಬಹಳ ದಿನಗಳ ಮೇಲೆ ಅರ್ಧ ಭಕ್ಕರಿ ತಿಂದು, ಇನ್ನರ್ಧ ಕೇಳಿದ. ಗುರುಸಿದ್ಧ ಗೋಡೆಗೆ ಒರಗಿ ಕೂತಿದ್ದ.

"ಕಾಕಿ ಧ್ವನಿ ಕೇಳಬೇಕಂತ ನೀನಽ ಅಂದಿದ್ದಿ," ಎಂದ. "ಸಾವಿನ ಅಂಜಿಕಿ ಇಲ್ಲ ಅಂದಿದ್ದಿ."

ಕಾಕಾ ಕೈಯಲ್ಲಿದ್ದ ಭಕ್ಕರಿಯನ್ನು ತಾಟಿಗಿಟ್ಟ. "ದವಾಖಾನಿ ಮಂಚದ ಮ್ಯಾಲ ಇದ್ದಿದ್ದಿಲ್ಲೋ ತಮ್ಮಾ. ಆ ಕುರ್ಚಿ ಮ್ಯಾಲ ಕುಂತ ಮ್ಯಾಲ ಬಂತು," ಎಂದ. ದನಿ ತಗ್ಗಿಸಿದ. "ಆಕಿ ಕರದ ಮ್ಯಾಲ ಇಲ್ಲ ಅನ್ನಾಕ ನನಗ ಯಾವತ್ತೂ ಆಗಿಲ್ಲ. ನಿನಗ ಗೊತ್ತಿಲ್ಲೇನು ನಿನ್ನ ಕಾಕಿ?"

ಅವನ ಕಣ್ಣಂಚಿನಲ್ಲಿ ನೀರಿತ್ತು. ಹೊರಡುವಾಗ ಗುರುಸಿದ್ಧ ನೆಲಕ್ಕೆ ಹಣೆ ಹಚ್ಚಿ ಕಾಲು ಮುಟ್ಟಿದ. ಕಾಕಾ ಅವನ ತಲೆಯ ಮೇಲೆ ಕೈಯಿಟ್ಟು, ತಡೆದು ತಡೆದು ಹೇಳಿದ.

"ಸೊಲ್ಲಾಪುರದಾಗ ಇನ್ನೊಂದು ಅದಲ್ಲ, ಅದನ್ನ ನೀನಽ ಇಟ್ಕೋ. ನನ್ನ ಆಶೀರ್ವಾದ ಅದ." ಒಂದು ಕ್ಷಣ ಬಿಟ್ಟು ಕೈ ಇನ್ನಷ್ಟು ಭಾರವಾಯಿತು. "ಖರೆ, ನಾ ಇರೂತನಕ ಅದನ್ನ ರಿಪೇರಿ ಮಾಡಬ್ಯಾಡ."